ಮುಂದಿನ ಸೀಟಿನ ಟಾವೆಲ್

ಬಸ್ಸಿನ ಕಿಟಕಿಯಿಂದ ಟಾವೆಲ್ ಎಸೆದು ಸೀಟು ಹಿಡಿಯುವುದು ಒಂದು ವಿದ್ಯೆ. ನೋಡುವವರಿಗೆ ಅದು ಬರೀ ಎಸೆತ. ಟಾವೆಲ್ಲನ್ನು ಪೂರ್ತಿ ಬಿಚ್ಚಿ ಎಸೆದರೆ ಗಾಳಿಗೆ ಹಾರಿ ಪಕ್ಕದ ಸೀಟಿನವರ ಪಾಲಾಗುತ್ತದೆ. ಉಂಡೆ ಮಾಡಿ ಎಸೆದರೆ ಉರುಳಿ ಕೆಳಗೆ ಹೋಗುತ್ತದೆ. ಅರ್ಧ ಮಡಿಸಿ, ಒಂದು ತುದಿಗೆ ಸಣ್ಣ ಗಂಟು ಹಾಕಿ, ಕಿಟಕಿಯ ಸರಳುಗಳ ನಡುವೆ ಕೈಯನ್ನು ಮೊಣಕೈಯ ತನಕ ತೂರಿಸಿ ಬಿಡಬೇಕು. ಆಮೇಲೆ ಬಾಗಿಲ ಹತ್ತಿರ ಎಷ್ಟೇ ನೂಕುನುಗ್ಗಲಿರಲಿ, ನಾವು ಮದುವೆ ಮನೆಗೆ ಬಂದ ಬೀಗರ ಹಾಗೆ ನಿಧಾನಕ್ಕೆ ಹತ್ತಬಹುದು. ಟಾವೆಲ್ ಬಿದ್ದ ಸೀಟಿನಲ್ಲಿ ನಮ್ಮ ಕಡೆ ಯಾರೂ ಕೂಡುವುದಿಲ್ಲ. ಜಗಳ ಆಡಬಹುದು. "ನಿಮ್ಮ ಟಾವೆಲ್ ಏನ್ ಟಿಕೀಟ ತಗೊಂಡೈತೇನು?" ಎಂದು ಕೇಳಬಹುದು. ಆದರೆ ಕೂಡುವುದಿಲ್ಲ. ಯಾವ ಪುಸ್ತಕದಲ್ಲೂ ಬರೆಯದ ಈ ಕಾನೂನನ್ನು ಗದಗಿನ ಬಸ್‌ಸ್ಟ್ಯಾಂಡಿನಲ್ಲಿ ಮುರಿದವರನ್ನು ನಾನಂತೂ ಕಂಡಿಲ್ಲ.

ಶಾಲೆಯಲ್ಲಿ ನಾನು ಕಲಿತದ್ದು ಏಳನೇ ಇಯತ್ತೆಯ ತನಕ. ನಾನು ಶಾಲೆ ಬಿಟ್ಟೆನೋ, ಶಾಲೆಯೇ ನನ್ನ ಕೈ ಬಿಟ್ಟಿತೋ ಎಂಬುದರ ಬಗ್ಗೆ ನಮ್ಮ ಮನೆಯಲ್ಲಿ ಎರಡು ಅಭಿಪ್ರಾಯಗಳಿವೆ. ಆದರೆ ಟಾವೆಲ್ ವಿದ್ಯೆಯಲ್ಲಿ ನಾನು ಎಂದೂ ಎರಡನೆಯವಳಾಗಿಲ್ಲ. ರಜೆ ಬಂದರೆ ನಾನು, ನನ್ನ ತಂಗಿ ಪಾರ್ವತಿ ಇಬ್ಬರೂ ಇಳಕಲ್ಲಿನ ಚಿಗವ್ವನ ಮನೆಗೆ ಹೋಗುತ್ತಿದ್ದೆವು. ಟಾವೆಲ್ ಎಸೆಯುವುದು ನನ್ನ ಪಾಲು, ಕಿಟಕಿ ಪಾರಿಯ ಪಾಲು. ಬಸ್ಸು ತಡವಾಗಿ ಬಂದ ದಿನ ಸಿಗುತ್ತಿದ್ದುದು ಕಟ್ಟಕಡೆಯ ಸೀಟು. ಅಲ್ಲಿ ಕೂತವರು ಸೀಟಿನ ಮೇಲೆ ಇರುವುದಕ್ಕಿಂತ ಗಾಳಿಯಲ್ಲಿ ಇರುವುದೇ ಹೆಚ್ಚು. ಅಂಥ ಕುಲುಕಾಟದಲ್ಲೂ ನಾವಿಬ್ಬರು ಒಂದೇ ಪುಡಿಕೆಯಿಂದ ಖಾರ ಚುರಮುರಿ ತಿನ್ನುತ್ತ, ಎದುರು ಕೂತವರಿಗೆಲ್ಲ ಹೆಸರಿಡುತ್ತ, ನಗುತ್ತ ಹೋಗುತ್ತಿದ್ದೆವು. ಇಳಕಲ್ ಯಾಕಾದರೂ ಬಂತೋ ಅನ್ನಿಸುತ್ತಿತ್ತು.

ಆಮೇಲೆ ಪಾರಿ ಹಾಸ್ಟೆಲ್ಲಿಗೆ ಹೋದಳು, ಕೃಷಿ ಕಾಲೇಜಿಗೆ ಹೋದಳು, ಗಾಜಿನ ಮನೆಯೊಳಗೆ ತರಕಾರಿ ಬೆಳೆಯುವ ಶಾಸ್ತ್ರ ಓದುತ್ತೇನೆಂದು ನೆದರ್ಲ್ಯಾಂಡ್ಸಿಗೆ ಹೋದಳು. ನಾನು ಗದಗಿನಲ್ಲಿ ಹಿಟ್ಟಿನ ಗಿರಣಿಯವರನ್ನು ಮದುವೆಯಾಗಿ ಮೈಯೆಲ್ಲ ಹಿಟ್ಟು ಮಾಡಿಕೊಂಡು ಕೂತೆ. ಇಬ್ಬರೂ ಒಂದೇ ಸೀಟಿನಲ್ಲಿ ಕೂತು ಎಷ್ಟೋ ವರ್ಷಗಳಾಗಿದ್ದವು. ಹಾಗಿರುವಾಗ ಅವಳ ಬಾಣಂತನಕ್ಕೆ ಯಾರು ಹೋಗಬೇಕೆಂಬ ಮಾತು ಬಂತು. ಅವ್ವನಿಗೆ ಮೊಣಕಾಲು ನೋವು. ಅವ್ವ ಬಾಯಿ ತೆರೆಯುವ ಮೊದಲೇ "ನಾ ಹೊಕ್ಕೇನಿ" ಎಂದುಬಿಟ್ಟೆ. ಅಂಟಿನುಂಡಿ, ಅಳವಿ, ಜೋಳದ ಹಿಟ್ಟು ತುಂಬಿದ ಚೀಲದ ಮೇಲೆ ನನ್ನ ನೀಲಿ ಪಟ್ಟೆಯ ಟಾವೆಲ್ಲನ್ನೂ ಮಡಿಸಿಟ್ಟುಕೊಂಡೆ.

ಪಾರಿಯ ಮನೆ ಇರುವುದು ರಾಟರ್‌ಡ್ಯಾಮಿನ ಪಕ್ಕದ ಕಾಪೆಲ್ಲೆಯಲ್ಲಿ. ಅವಳ ಗಂಡ ಮಹಾಂತೇಶ ಬಾಗಲಕೋಟೆ ಕಡೆಯವರು. ಸೇತುವೆಗಳ ಲೆಕ್ಕ ಹಾಕುವ ಎಂಜಿನಿಯರ್. ಆರಡಿಗೂ ಮೇಲೆ ಎತ್ತರ. ಬಾಗಿಲಿನಲ್ಲಿ ತಲೆ ತಗ್ಗಿಸಿ ತಗ್ಗಿಸಿ ಸ್ವಭಾವವೇ ತಗ್ಗಿಹೋದ ಮನುಷ್ಯ. ನಾನು ಹೋದ ಕೆಲವೇ ದಿನಗಳಿಗೆ ಹೆಣ್ಣು ಕೂಸು ಹುಟ್ಟಿತು. ಅಲ್ಲಿ ಬಾಣಂತಿಯ ಆರೈಕೆಗೆ ವಿಮೆಯ ಲೆಕ್ಕದಲ್ಲೇ ಒಬ್ಬ ನರ್ಸಮ್ಮ ಮನೆಗೆ ಬರುತ್ತಾರೆ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದಿದ್ದರೂ ಮೊದಲ ದಿನವೇ ಯುದ್ಧ ಶುರುವಾಯಿತು. ಅವರು ಕಿಟಕಿ ತೆರೆಯುವುದು, ನಾನು ಮುಚ್ಚುವುದು. ಅವರು ಪಾರಿಯ ತಲೆಗೆ ಕಟ್ಟಿದ ವಸ್ತ್ರ ಬಿಚ್ಚುವುದು, ನಾನು ಕಟ್ಟುವುದು. ಕಡೆಯ ದಿನ ಅಂಟಿನುಂಡಿ ತಿಂದು ಸೋತರು. ಎರಡು ಕಟ್ಟಿಸಿಕೊಂಡೂ ಹೋದರು.

ಅಷ್ಟರಲ್ಲಿ ಕೊರೋನಾ ಬಂತು. ವಿಮಾನಗಳು ನಿಂತವು. ನನ್ನ ವೀಸಾ ಮುಗಿದರೂ ಹೋಗಲು ದಾರಿಯಿಲ್ಲವೆಂದು ಅಲ್ಲಿನ ಸರ್ಕಾರ ಇನ್ನಷ್ಟು ದಿನ ಇರಲು ಒಪ್ಪಿತು. ಮಹಾಂತೇಶರ ಆಫೀಸು ಊಟದ ಮೇಜಿನ ಮೇಲೆ ಬಂದು ಕೂತಿತು. ನಾನು ರೊಟ್ಟಿ ಬಡಿಯುವ ಸದ್ದು ಅವರ ಮೀಟಿಂಗಿನೊಳಗೆ ಹೋಗಿ, "ನಿಮ್ಮ ಮನೆಯಲ್ಲಿ ಏನಾದರೂ ರಿಪೇರಿ ನಡೆದಿದೆಯೇ?" ಎಂದು ಸಾಹೇಬರು ಕೇಳಿದರಂತೆ.

ಒಂದೇ ಮನೆಯೊಳಗೆ ಹಗಲೂ ರಾತ್ರಿ ಇದ್ದೂ ಪಾರಿ ಮಾತ್ರ ನನಗೆ ಸಿಗಲಿಲ್ಲ. ಕೂಸು ಎದ್ದಾಗ ಅವಳು ಕೂಸಿನವಳು. ಕೂಸು ಮಲಗಿದಾಗ ಅವಳೂ ಮಲಗಬೇಕು, ಅದು ನಾನೇ ಮಾಡಿದ ಕಾಯಿದೆ. ಉಳಿದ ಹೊತ್ತು ನಾವಿಬ್ಬರೂ ಸೋಫಾದ ಮೇಲೆ ಕೂತು "ಏ, ನಿಂಗ ನೆನಪೈತೇನ…" ಎಂದು ಒಂದು ಎಳೆ ಹಿಡಿಯುವುದೇ ತಡ, ಮಹಾಂತೇಶ ಮೂರು ಕಪ್ ಚಹಾ ಹಿಡಿದು ಬರುತ್ತಿದ್ದರು. "ಏನ್ ಮಾತಾಡಾಕತ್ತೀರಿ ಅಕ್ಕಾರ? ನನಗೂ ಹೇಳ್ರಿ!" ಹೇಳಿದರೆ ಬಾಯ್ತುಂಬ ನಗುತ್ತಿದ್ದರು. ನಕ್ಕ ಮೇಲೆ "ನಮ್ಮ ಊರಾಗೂ ಹಿಂಗ ಒಬ್ಬಾಂವ ಇದ್ದ" ಎಂದು ತಮ್ಮ ಕತೆ ತೆಗೆಯುತ್ತಿದ್ದರು. ಅವರ ಕತೆ ಘಟಪ್ರಭೆಯ ಹಾಗೆ, ದಡ ಕಾಣುವುದಿಲ್ಲ. ಮಹಾಂತೇಶ ಬಹಳ ಒಳ್ಳೆಯ ಮನುಷ್ಯ. ನನ್ನ ಕಷ್ಟ ಇದ್ದದ್ದೇ ಅಲ್ಲಿ. ಕೆಟ್ಟವರಾಗಿದ್ದರೆ ಎದ್ದು ಹೋಗಿ ಎನ್ನಬಹುದಿತ್ತು.

ಈಗ ಬೆಂಡೆಕಾಯಿಯ ವಿಷಯಕ್ಕೆ ಬರುತ್ತೇನೆ. ವಿಮಾನ ನಿಂತ ಮೇಲೆ ನಮ್ಮ ಕಡೆಯ ತರಕಾರಿ ಅಲ್ಲಿನ ಅಂಗಡಿಗಳಲ್ಲಿ ಇಲ್ಲವೇ ಇಲ್ಲ ಎನ್ನುವಂತಾಯಿತು. ಕನ್ನಡದ ಮನೆಗಳವರು ಫೋನಿನಲ್ಲಿ ಬೆಂಡೆಕಾಯಿಯ ಹಳೆಯ ಫೋಟೋ ಕಳಿಸಿಕೊಂಡು ನಿಟ್ಟುಸಿರು ಬಿಡುತ್ತಿದ್ದರು. ಇತ್ತ ಪಾರಿಗೆ ಕೆಲಸದ ಮೂಲಕ ಪರಿಚಯವಿದ್ದ ಕೀಸ್ ಎಂಬ ಮುದುಕನ ಗಾಜಿನ ಮನೆಗಳಲ್ಲಿ ಹೂ ಅರಳಿ ಅರಳಿ ಗೊಬ್ಬರದ ಗುಂಡಿಗೆ ಹೋಗುತ್ತಿತ್ತು. ಮದುವೆಯಿಲ್ಲ, ಜಾತ್ರೆಯಿಲ್ಲ, ಸತ್ತರೂ ನಾಲ್ಕು ಮಂದಿ ಸೇರುವಂತಿಲ್ಲ, ಹೂ ಯಾರಿಗೆ ಬೇಕು? "ಒಂದು ಮೂಲೆ ನೀನೇ ಇಟ್ಟುಕೋ, ಏನಾದರೂ ಬೆಳೆ" ಎಂದು ಕೀಸ್ ಪಾರಿಗೆ ಬಿಟ್ಟುಕೊಟ್ಟ. ಹೆರಿಗೆ ರಜೆಯಲ್ಲಿದ್ದವಳಿಗೆ ಕೈ ಕಡಿಯುತ್ತಿತ್ತು. ಬೆಂಡೆ ಹಾಕಿದಳು, ಎಣ್ಣೆಗಾಯಿಯ ಮುಳಗಾಯಿ ಹಾಕಿದಳು. ಗಿಡ ಹೂಬಿಡುವ ಹೊತ್ತಿಗೆ ಕಾಪೆಲ್ಲೆಯಿಂದ ಮಾಸ್ಟ್ರಿಕ್ಟ್ ತನಕ ಜನ ಹೆಸರು ಬರೆಸಿ ಕೂತಿದ್ದರು. ಶನಿವಾರ ಶನಿವಾರ ಮನೆ ಮನೆಗೆ ಮುಟ್ಟಿಸಬೇಕು. ಅದಕ್ಕೊಂದು ಗಾಡಿ ಬೇಕು.

ಕೀಸ್‌ನ ಶೆಡ್ಡಿನಲ್ಲಿ ಎರಡು ಪಿಕಪ್ ನಿಂತಿದ್ದವು. ಒಂದು ಅಮೆರಿಕದ ದೊಡ್ಡದು, ಹೂವಿಗೆ ಬೆಲೆಯಿದ್ದ ಕಾಲದಲ್ಲಿ ಉಮೇದಿಗೆ ಕೊಂಡದ್ದು. ಇನ್ನೊಂದು ಮಧ್ಯಮ ಅಳತೆಯದು. ನಮ್ಮಲ್ಲಿ ಮೆಣಸಿನಕಾಯಿ ಚೀಲಕ್ಕೂ ಮದುವೆ ದಿಬ್ಬಣಕ್ಕೂ ಓಡುವ ಪಿಕಪ್ಪಿಗಿಂತ ತುಸು ದೊಡ್ಡದು ಅನ್ನಿ. ಎರಡಕ್ಕೂ ಕೆಲಸವಿರಲಿಲ್ಲ. "ಒಂದು ನಿಮಗೆ, ಒಂದು ನನಗೆ. ಯಾವುದು ಬೇಕೋ ನೀವೇ ಆರಿಸಿ" ಎಂದ. ನಾವು ಮೂವರೂ ಕೂಸನ್ನೆತ್ತಿಕೊಂಡು ಹೋದೆವು. ಆಗ ಆ ದೇಶದಲ್ಲಿ ಮಾಸ್ಕ್ ಹಾಕುವವರೇ ಕಡಿಮೆ. ನಾನು ಮಾತ್ರ ಊರಿನ ಟೀವಿ ಸುದ್ದಿ ನಂಬಿ ನನ್ನ ಹಳೆಯ ಸೀರೆ ಹರಿದು ಎಲ್ಲರಿಗೂ ಮಾಸ್ಕ್ ಹೊಲಿದಿದ್ದೆ. ಮೇಲೆ ಪಾರಿಯ ತಲೆಗೆ ಬಾಣಂತಿಯ ವಸ್ತ್ರ ಬೇರೆ. ಕೀಸ್ ಮೊದಲು ನಮ್ಮನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದದ್ದು ಕೊರೋನಾಕ್ಕೆ ಹೆದರಿಯೋ ನಮಗೆ ಹೆದರಿಯೋ ಗೊತ್ತಿಲ್ಲ.

ಅಲ್ಲಿ ಒಂದು ಬಕ್ಕಿಯ ಪ್ರಸಂಗ ನಡೆಯಿತು. ಪಿಕಪ್ಪಿನ ಹಿಂದೆ ಸಾಮಾನು ತುಂಬುವ ತೊಟ್ಟಿಗೆ ಅಲ್ಲಿಯವರು 'ಬಕ್' ಎನ್ನುತ್ತಾರೆಂದು ದಾರಿಯಲ್ಲಿ ಪಾರಿ ಹೇಳಿದ್ದಳು. ಯಾವುದಾದರೂ ಸಣ್ಣದಾದರೆ ಅದರ ಹೆಸರಿಗೊಂದು ಬಾಲ ಹಚ್ಚುವುದು ಅವರ ರೂಢಿ ಎಂಬುದನ್ನು ನಾನೇ ಅಂಗಡಿಗಳಲ್ಲಿ ಕೇಳಿ ಕೇಳಿ ಕಂಡುಹಿಡಿದಿದ್ದೆ. ಹಾಗಾಗಿ ಕೀಸ್ ಬಂದವನೇ ನನ್ನ ಕಡೆ ನೋಡಿ "ಬಕ್ಕಿ?" ಎಂದಾಗ, ಸಣ್ಣ ಗಾಡಿ ಬೇಕೇ ಎಂದು ಕೇಳುತ್ತಿದ್ದಾನೆಂದು ತಿಳಿದೆ. ಇನ್ನೂ ಯಾವುದನ್ನೂ ನೋಡಿಲ್ಲ, ಈಗಲೇ ಹೇಗೆ ಹೇಳುವುದು? "ನೋ ಬಕ್ಕಿ! ಫಸ್ಟ್ ಲುಕ್ಕಿಂಗ್!" ಎಂದೆ. ಅವನು ಮುಖ ಸಣ್ಣದು ಮಾಡಿಕೊಂಡು ಹೋದ. ಪಾರಿ ಬಿದ್ದು ಬಿದ್ದು ನಕ್ಕಳು. "ಯಕ್ಕಾ, ಬಕ್ಕಿ ಅಂದ್ರ ಈ ಕಡೆ ಒಂದ್ ಕಪ್ ಕಾಫಿ! ಪಾಪ, ಕಾಫಿ ಕುಡೀತೀರೇನು ಅಂತ ಕೇಳಿದ. ನೀ ನೋಡಿ ಕುಡೀತೇನಿ ಅಂದಿ!"

ನೋಡುವುದು ಶುರುವಾಯಿತು. ಮಹಾಂತೇಶ ದೊಡ್ಡದರ ಬಾಗಿಲು ತೆಗೆದು ಹತ್ತಿ ಕೂತರು. ತಲೆ ತಗ್ಗಿಸಲಿಲ್ಲ. ತಗ್ಗಿಸುವ ಅಗತ್ಯವೇ ಬರಲಿಲ್ಲ. ಆ ಆಶ್ಚರ್ಯದಲ್ಲಿ ಒಮ್ಮೆ ಮೇಲೆ ನೋಡಿಕೊಂಡರು. ಆಮೇಲೆ ಕಾಲು ಚಾಚಿದರು. ಚಾಚಿದರು, ಚಾಚಿದರು, ಆದರೂ ಮುಂದೆ ಜಾಗ ಉಳಿದಿತ್ತು. ಅಕ್ಷತೆ ಬಿದ್ದ ಮದುಮಗನ ಮುಖದಲ್ಲೂ ಅಂಥ ಕಳೆ ನಾನು ಕಂಡಿಲ್ಲ.

"ಅಕ್ಕಾರ, ಇಲ್ನೋಡ್ರಿ!" ಎಂದು ಕರೆದರು. "ಮುಂದಿನ ಸೀಟು ಬಸ್ಸಿನ ಸೀಟಿನಂಗ ಉದ್ದಕ ಐತಿ. ಮೂರು ಮಂದಿ ಆರಾಮ. ಪಾರಿ ಗಾಡಿ ಹೊಡೀತಾಳ, ನಾ ನಡುವ, ನೀವು ಕಿಟಕಿ ಕಡೆ. ಕೂಸಿನ ಬುಟ್ಟಿ ನನ್ನ ಬೆನ್ನ ಹಿಂದ. ಮೂರೂ ಮಂದಿ ಮಾತಾಡ್ಕೋತ ಹೋಗೂಣು!"

'ನಾ ನಡುವ' ಎಂಬ ಮಾತು ನನ್ನ ಕಿವಿಗೆ ಬಿತ್ತು, ಎದೆಗೂ ಬಿತ್ತು. ನಾನು ಹೋಗಿ ಸಣ್ಣ ಪಿಕಪ್ಪಿನೊಳಗೆ ಇಣುಕಿದೆ. ಮುಂದೆ ಎರಡೇ ಸೀಟು, ನಡುವೆ ಗೇರಿನ ಕೋಲು. ಹಿಂದೆ ಒಂದು ಚಿಕ್ಕ ಸೀಟು, ನೆಟ್ಟಗೆ ಗೋಡೆಗೆ ಹಚ್ಚಿದಂತೆ. ಕೂಸಿನ ಬುಟ್ಟಿ ಇಟ್ಟರೆ ಉಳಿಯುವ ಜಾಗದಲ್ಲಿ ಕೂರುವವರು ಮೊಣಕಾಲನ್ನು ಗದ್ದಕ್ಕೆ ಹಚ್ಚಿಕೊಳ್ಳಬೇಕು. ನನ್ನ ಲೆಕ್ಕದ ವಿದ್ಯೆ ಏಳನೇ ಇಯತ್ತೆಯದಾದರೂ ಇಷ್ಟು ಲೆಕ್ಕ ಬಂತು: ಮುಂದೆ ಎರಡು, ಪಾರಿ ಒಂದು, ಉಳಿದದ್ದು ಒಂದು.

"ಯಕ್ಕಾ, ನೀ ಏನಂತಿ?" ಎಂದಳು ಪಾರಿ. "ನಂಗ ಎರಡೂ ಸೇರ್ತಾವು. ನೀ ಹೇಳಿದ್ದ ಫೈನಲ್."

ನಾನು ಭಾಷಣ ಮಾಡಿದೆ. ಅಷ್ಟು ಒಳ್ಳೆಯ ಭಾಷಣ ಮಾಡಬಲ್ಲೆನೆಂದು ನನಗೇ ತಿಳಿದಿರಲಿಲ್ಲ. ನಿಮ್ಮ ಮನೆ ಮುಂದೆ ಗಾಡಿ ನಿಲ್ಲಿಸಲು ಗೆರೆ ಎಳೆದ ಜಾಗ ಎಷ್ಟು, ಈ ಗಾಡಿ ಎಷ್ಟು? ಮಂಚಕ್ಕಿಂತ ಉದ್ದದ ಅಳಿಯನ ಹಾಗೆ ಕಾಲು ಹೊರಗೇ ಇರುತ್ತದೆ, ಹೋಗಿಬರುವ ಸೈಕಲ್ಲಿನವರೆಲ್ಲ ಎಡವುತ್ತಾರೆ. ಇಲ್ಲಿಗೆ ಬರುವ ದಾರಿಯೋ, ಎರಡೂ ಕಡೆ ನೀರಿನ ನಡುವೆ ಏರಿಯ ಮೇಲಿನ ಸಪೂರ ರಸ್ತೆ. ಎದುರಿಗೆ ಒಂದು ಟ್ರಾಕ್ಟರ್ ಬಂದರೆ ಯಾರಾದರೊಬ್ಬರು ಈಜಬೇಕಾಗುತ್ತದೆ. ನಾಲ್ಕು ಬುಟ್ಟಿ ಬೆಂಡೆಕಾಯಿಗೆ ಆನೆಯ ಮೇಲೆ ಅಂಬಾರಿ ಬೇಕೇ? ಕಡೆಗೆ ಕೈಯೆತ್ತಿ ಹೇಳಿದೆ:

"ಹಾಸಿಗಿ ಇದ್ದಷ್ಟು ಕಾಲು ಚಾಚಬೇಕು ಅಂತ ಹಿರ್ಯಾರು ಸುಮ್ನ ಹೇಳ್ಯಾರೇನ್ರಿ?"

ಮಹಾಂತೇಶ ಚಾಚಿದ್ದ ಕಾಲನ್ನು ಮೆಲ್ಲಗೆ ಒಳಗೆಳೆದುಕೊಂಡರು.

"ಖರೇ ಐತ್ರಿ ಅಕ್ಕಾರ" ಎಂದರು. "ಆದ್ರ ಸಣ್ಣದ್ರಾಗ ಹಿಂದ ಜಾಗ ಸಾಲೂದಿಲ್ಲ. ನೀವು ಕೂಸಿನ ಹತ್ರ ಕುಂದ್ರಾಕ…"

ಇಲ್ಲಿ ನಾನು ಸುಳ್ಳು ಹೇಳಿದೆ. ಶೆಡ್ಡಿನ ಛಾವಣಿ ನೋಡುತ್ತ ಹೇಳಿದೆ. "ನಂಗ ಹಿಂದ ಕುಂತ್ರ ಹೊಟ್ಟಿ ತೊಳಸ್ತೈತಿ. ವಾಂತಿ ಆಗ್ತೈತಿ. ನಾ ಮುಂದ ಕುಂದರಬೇಕಾಗ್ತೈತಿ."

"ಅದಕ್ಕೇನ್ರಿ! ನಾ ಹಿಂದ ಕುಂದರ್ತೇನಿ" ಎಂದುಬಿಟ್ಟರು ಮಹಾಂತೇಶ, ಒಂದು ಗಳಿಗೆಯೂ ಯೋಚಿಸದೆ. ಪಾರಿ ನನ್ನ ಕಡೆ ಒಮ್ಮೆ ನೋಡಿದಳು. ಮಾಸ್ಕಿನ ಮೇಲೆ ಕಣ್ಣು ಮಾತ್ರ ಕಾಣುತ್ತಿತ್ತು. ಅದರಲ್ಲಿ ಏನಿತ್ತೋ ತಿಳಿಯಲಿಲ್ಲ. ತಲೆಯ ವಸ್ತ್ರ ಬಿಗಿಮಾಡಿಕೊಂಡು, "ಆತು, ಸಣ್ಣದ ಇರ್ಲಿ" ಎಂದಳು.

ಓದುವ ನೀವು ಒಂದು ಮಾತು ಗಮನಿಸಬೇಕು. ಹೊಟ್ಟೆ ತೊಳಸುವ ಮಾತೊಂದನ್ನು ಬಿಟ್ಟರೆ ನಾನು ಕೊಟ್ಟ ಕಾರಣಗಳಲ್ಲಿ ಒಂದೂ ಸುಳ್ಳಲ್ಲ. ಏರಿ ಸಪೂರವೇ, ಗೆರೆ ಎಳೆದ ಜಾಗ ಗಿಡ್ಡವೇ. ಯಾರನ್ನು ಕೇಳಿದರೂ ಸಣ್ಣ ಪಿಕಪ್ಪೇ ಸರಿ ಎನ್ನುತ್ತಿದ್ದರು. ಸರಿಯಾದ ಮಾತನ್ನು ಕೆಟ್ಟ ಕಾರಣಕ್ಕೆ ಹೇಳುವುದೂ ಒಂದು ಪಾಪವೆಂದು ನನಗೆ ಯಾರೂ ಕಲಿಸಿರಲಿಲ್ಲ. ಬಹುಶಃ ಅದು ಎಂಟನೇ ಇಯತ್ತೆಯ ಪಾಠವಿರಬೇಕು.

ಗಾಡಿ ನಮ್ಮದೆಂದು ಗೊತ್ತಾದದ್ದೇ ನಾನು ಹೆಗಲ ಮೇಲಿನ ಟಾವೆಲ್ ತೆಗೆದು ಮುಂದಿನ ಸೀಟಿನ ಮೇಲೆ ಹಾಸಿದೆ. ಅದು ಕೈಯ ರೂಢಿ, ನಾನು ಯೋಚಿಸಿ ಮಾಡಿದ್ದಲ್ಲ. ಕಾಫಿ ತಂದ ಕೀಸ್ ಅದನ್ನು ನೋಡಿ ಹೊಟ್ಟೆ ಹಿಡಿದು ನಕ್ಕ. ಏನೋ ಕೇಳಿದ. "ನೀವು ಜರ್ಮನಿಯವರಾ ಅಂತ ಕೇಳಾಕತ್ತಾನ" ಎಂದಳು ಪಾರಿ. ಸಮುದ್ರದ ದಂಡೆಯಲ್ಲಿ ಬೆಳಕು ಹರಿಯುವ ಮೊದಲೇ ಬಂದು ಕುರ್ಚಿಗಳ ಮೇಲೆ ಟಾವೆಲ್ ಹಾಸಿಹೋಗುವುದು ಜರ್ಮನಿಯವರ ಚಾಳಿ ಎಂದು ಈ ಜನ ಆಡಿಕೊಳ್ಳುತ್ತಾರಂತೆ. ಗದಗಿನ ವಿದ್ಯೆ ಜರ್ಮನಿಯ ತನಕ ಹೋಗಿದೆಯೆಂದು ನನಗೆ ಹೆಮ್ಮೆಯಾಯಿತು.

ಆ ಬೇಸಿಗೆಯ ಶನಿವಾರಗಳಷ್ಟು ಚಂದದ ಶನಿವಾರಗಳನ್ನು ನಾನು ಕಂಡಿಲ್ಲ. ಹಿಂದಿನ ಬಕ್ಕಿನಲ್ಲಿ ಬೆಂಡೆಯ ಬುಟ್ಟಿಗಳು. ಹಿಂದಿನ ಸೀಟಿನಲ್ಲಿ ಕೂಸಿನ ಬುಟ್ಟಿ, ಅದರ ಪಕ್ಕ ಮಡಚಿಟ್ಟ ಮಹಾಂತೇಶ. ಮುಂದೆ ನಾನು, ಪಾರಿ. ರಸ್ತೆ ಅಂಗೈಯಷ್ಟು ಸಪಾಟು, ಎರಡೂ ಕಡೆ ಹಸಿರು, ಆಕಳುಗಳು ಯಾರೋ ತೊಳೆದು ನಿಲ್ಲಿಸಿದಂತೆ. ನಾವು ಹೊರಗೆ ನೋಡಿದ್ದು ಕಡಿಮೆ. ಅವ್ವ ಹಪ್ಪಳದ ಡಬ್ಬಿಯನ್ನು ನಮ್ಮಿಂದ ಬಚ್ಚಿಟ್ಟು ತಾನೇ ಮರೆತದ್ದು, ಕಡೆಮನೆ ಶಿವಕ್ಕನ ಕಾಲು ಕುಕ್ಕುವ ಹುಂಜ, ಪಾರಿಗೆ ನಾನು ಕಲಿಸಿಕೊಟ್ಟ ಬೈಗುಳಗಳು. ಹೀಗೆ ನಗುತ್ತ ಇರುವಾಗ ಒಮ್ಮೆ ಪಾರಿ ರಸ್ತೆಯ ಮೇಲೇ ಕಣ್ಣಿಟ್ಟುಕೊಂಡು, "ಹೆರಿಗಿ ಟೈಮಿನ್ಯಾಗ ಎಲ್ಲಾರೂ ಯವ್ವಾ ಅಂತ ಒದರ್ತಾರಂತ. ನಾ ಯಕ್ಕಾ ಅಂತ ಒದರಿದ್ನಿ, ಗೊತ್ತೈತೇನ?" ಎಂದಳು. ಮೂರು ಮಂದಿಯ ಸೀಟಿನಲ್ಲಿ ಆ ಮಾತು ಬರುತ್ತಿರಲಿಲ್ಲ.

ಆದರೆ ನಾವು ನಕ್ಕಾಗಲೆಲ್ಲ ಹಿಂದಿನಿಂದ ದನಿ ಬರುತ್ತಿತ್ತು. ಎಂಜಿನ್ನಿನ ಸದ್ದಿನಲ್ಲಿ ಅವರಿಗೆ ಏನೂ ಕೇಳುತ್ತಿರಲಿಲ್ಲ. "ಏನಾತ್ರಿ? ಯಾಕ ನಗಾಕತ್ತೀರಿ? ನನಗೂ ಹೇಳ್ರಲಾ!"

"ಏನಿಲ್ರಿ!" ಎನ್ನುತ್ತಿದ್ದೆ ನಾನು.

ಆ 'ಏನಿಲ್ರಿ' ಮೊದಲ ವಾರ ಸಲೀಸಾಗಿ ಬಂತು. ಮೂರನೇ ವಾರಕ್ಕೆ ಹಿಂದೆ ತಿರುಗಿ ನೋಡದೆ ಹೇಳತೊಡಗಿದೆ. ಅವರು ಇಳಿಯುವುದನ್ನು ನೋಡಬೇಕಿತ್ತು ನೀವು. ಮೊದಲು ಒಂದು ಬೂಟು ಹೊರಗೆ ಬರುತ್ತಿತ್ತು, ಸ್ವಲ್ಪ ಹೊತ್ತಿನ ಮೇಲೆ ಮೊಣಕಾಲು, ಆಮೇಲೆ ತಲೆ, ಕಡೆಗೆ ಉಳಿದದ್ದು. ಮಾಸ್ಟ್ರಿಕ್ಟಿನಲ್ಲಿ ಓದುತ್ತಿದ್ದ ಮಂಗಳೂರಿನ ಹುಡುಗಿಯೊಬ್ಬಳು ಅದನ್ನು ಕಂಡು, "ಅಯ್ಯೋ ಅಂಕಲ್, ನಿಮ್ಮನ್ನೂ ಬುಟ್ಟಿಯಲ್ಲಿ ಪ್ಯಾಕ್ ಮಾಡಿ ತಂದ್ರಾ?" ಎಂದಳು. ಅದು ಬಹಳ ದೂರದ ದಾರಿ. ಆ ದಿನ ಅವರಿಗೆ ನೆಟ್ಟಗೆ ನಿಲ್ಲಲು ಗೋಡೆ ಬೇಕಾಯಿತು. ಆದರೂ ನಕ್ಕರು. ಬೆಂಡೆಯ ಚೀಲವನ್ನು ಕಟ್ಟೆಯ ಮೇಲಿಟ್ಟು ದೂರ ಸರಿದು ನಿಂತರು. ಆ ಹುಡುಗಿ ಬಂದು ಒಂದು ಬೆಂಡೆಯ ತುದಿ ಚಟ್ಟೆಂದು ಮುರಿದು ನೋಡಿ, ಅಲ್ಲೇ ಹಸಿಯಾಗಿಯೇ ತಿಂದಳು. ಇಷ್ಟು ದೂರ ಮಡಚಿಕೊಂಡು ಬಂದದ್ದಕ್ಕೆ ಅದೇ ಸಾಕು ಎನ್ನುವಂತೆ ಮಹಾಂತೇಶ ನನ್ನ ಕಡೆ ನೋಡಿ ತಲೆಯಾಡಿಸಿದರು. ನಾನು ಬೇರೆ ಕಡೆ ನೋಡಿದೆ.

ಇದರ ಮೇಲೆ ಹೊಗಳಿಕೆ ಬೇರೆ. ಒಂದು ದಿನ ಕೀಸ್ ತನ್ನ ಪಾಲಿನ ದೊಡ್ಡ ಪಿಕಪ್ಪನ್ನು ತೆಗೆದುಕೊಂಡು ಹೋಗಿ ಯಾವುದೋ ಓಣಿಯಲ್ಲಿ ಸಿಕ್ಕಿಸಿಕೊಂಡ. ಹಿಂದೆ ಬರಲಾಗದೆ, ಮುಂದೆ ಹೋಗಲಾಗದೆ, ಬಾಗಿಲು ತೆರೆಯಲೂ ಜಾಗವಿಲ್ಲದೆ, ಕಿಟಕಿಯಿಂದ ಇಳಿದನಂತೆ. ಮಹಾಂತೇಶ ಈ ಕತೆಯನ್ನು ವಿಡಿಯೋ ಕಾಲಿನಲ್ಲಿ ಎಲ್ಲರಿಗೂ ಹೇಳಿದರು. "ಅಕ್ಕಾರು ಹೇಳಲಿಲ್ಲಾಂದ್ರ ಆ ಓಣಿಯೊಳಗ ನಾವು ಇರ್ತಿದ್ವಿ. ಓದಿದವ್ರು ನಾವಿಬ್ಬರು ಇದ್ವಿ, ಆದ್ರ ತಿಳುವಳಿಕಿ ಅವರದು!" ಅವ್ವ ಕಣ್ಣೀರು ಒರೆಸಿಕೊಂಡಳು. ನನ್ನ ಗಂಡನೊಬ್ಬರೇ ಗಿರಣಿಯ ಸದ್ದಿನ ನಡುವೆ ಪರದೆಯ ಹತ್ತಿರ ಮುಖ ತಂದು, "ಖರೇ ಹೇಳು, ಯಾಕ ಹಂಗ ಹೇಳಿದಿ?" ಎಂದು ಕೇಳಿದರು. ನೆಟ್‌ವರ್ಕ್ ಸರಿಯಿಲ್ಲವೆಂದು ಫೋನಿಟ್ಟೆ.

ಬೆಂಡೆ ಮುಗಿಯುತ್ತ ಬಂದಾಗ ವಿಶೇಷ ವಿಮಾನವೊಂದರಲ್ಲಿ ನನಗೆ ಜಾಗ ಸಿಕ್ಕಿತು. ಹೊರಡುವ ದಿನವೂ ಶನಿವಾರವೇ. ವಿಮಾನ ನಿಲ್ದಾಣಕ್ಕೆ ಅಂಟಿಕೊಂಡಿರುವ ಬಾಡ್‌ಹೂವೆಡಾರ್ಪ್‌ನಲ್ಲಿ ಒಂದು ಮನೆಗೆ ಕಡೆಯ ಬುಟ್ಟಿ ಕೊಟ್ಟು ಮುಂದೆ ಹೋಗುವುದೆಂದಾಯಿತು. ಹೊರಡುವಾಗ ನನ್ನ ಮನಸ್ಸು ಗಟ್ಟಿ ಮಾಡಿಕೊಂಡೆ. ಪಾರಿಯ ಪಕ್ಕ ಕೂರಲು ನನಗೆ ಉಳಿದದ್ದು ಆ ದಿನದ ದಾರಿಯೊಂದೇ. ಮತ್ತೆ ಯಾವ ಕಾಲಕ್ಕೋ, ಆ ದಿನಗಳಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಹಾಂತೇಶರಿಗೆ ಏನಾದರೂ ಕೊಡುವುದಾದರೆ ಆ ಸೀಟನ್ನೇ ಕೊಡಬೇಕು ಅನ್ನಿಸಿತು. ಮುಂದಿನ ಸೀಟಿನ ಟಾವೆಲ್ ಎತ್ತಿಕೊಂಡೆ.

"ಮಹಾಂತೇಶವರ, ಇವತ್ತ ನೀವು ಮುಂದ ಕುಂದ್ರಿ. ನಾ ಕೂಸಿನ ಹತ್ರ ಕುಂದರ್ತೇನಿ."

"ಬ್ಯಾಡ್ರಿ ಅಕ್ಕಾರ! ನಿಮಗ ಹೊಟ್ಟಿ ತೊಳಸ್ತೈತಿ."

"ಕೂಸಿನ ಮಾರಿ ನೋಡ್ಕೋತ ಹೊಕ್ಕೇನ್ರಿ. ಇವತ್ತೊಂದಿನ."

ಅದಕ್ಕೆ ಅವರು ಇಲ್ಲವೆನ್ನಲಾರದೆ ಹೋದರು. ನಾನು ಹಿಂದೆ ಹತ್ತಿದೆ. ಆ ಸೀಟಿನಲ್ಲಿ ಕೂತದ್ದು ಅದೇ ಮೊದಲು. ಬೆನ್ನಿಗೆ ಹಲಗೆ ಕೊಟ್ಟಂತೆ ನೆಟ್ಟಗೆ. ಮುಂದೆ ಮಹಾಂತೇಶರ ಸೀಟಿನ ಬೆನ್ನು, ಪಕ್ಕದಲ್ಲಿ ಅಂಗೈಯಗಲದ ಕಿಟಕಿ. ನನ್ನಂಥ ಗಿಡ್ಡಿಯ ಮೊಣಕಾಲೇ ತಾಗುತ್ತಿತ್ತು. ಹೆದ್ದಾರಿ ಸಿಗುವ ಮೊದಲೇ ಅವರು ಪಟ್ಟ ಪಾಡಿನ ಲೆಕ್ಕವೆಲ್ಲ ನನ್ನ ಸೊಂಟಕ್ಕೆ ಬಂತು. ಹೇಳಿಬಿಡಬೇಕು, ಎಲ್ಲವನ್ನೂ ಹೇಳಿಬಿಡಬೇಕು ಎಂದು ಮಾತು ಜೋಡಿಸತೊಡಗಿದೆ. ಬಕ್ಕಿನಲ್ಲಿ ಭಾರವಿಲ್ಲದ್ದರಿಂದ ಗಾಡಿಯ ಹಿಂಭಾಗ ಕುಣಿಯುತ್ತಿತ್ತು. ಕೂಸು ಹಾಲಿನ ವಾಸನೆಯ ತೇಗು ತೇಗಿತು. ಬೆಳಿಗ್ಗೆ ಪಾರಿ ಒತ್ತಾಯ ಮಾಡಿ ಎರಡನೇ ಸಲ ಬಡಿಸಿದ್ದ ಉಪ್ಪಿಟ್ಟು ಎದ್ದು ಕೂತಿತು. 'ಮಹಾಂತೇಶವರ, ನಾ ನಿಮಗ ಒಂದ್ ಮಾತು…' ಎಂದು ಬಾಯಿ ತೆರೆದೆ.

ಮಾತು ಬರಲಿಲ್ಲ. ಬಂದದ್ದು ಉಪ್ಪಿಟ್ಟು.

ಟಾವೆಲ್ ಕೈಯಲ್ಲಿದ್ದದ್ದು ಪುಣ್ಯ. ಪಾರಿ ಬಾಡ್‌ಹೂವೆಡಾರ್ಪ್‌ನ ಮೊದಲ ಓಣಿಯಲ್ಲೇ ಗಾಡಿ ನಿಲ್ಲಿಸಿದಳು. ಮಹಾಂತೇಶ ಜಿಗಿದು ಇಳಿದು ನೀರು ಕೊಟ್ಟರು, ಬೆನ್ನು ತಿಕ್ಕಲೋ ಬೇಡವೋ ಎಂದು ಕೈಯನ್ನು ಗಾಳಿಯಲ್ಲೇ ಆಡಿಸಿದರು. ಅವರ ಕಣ್ಣಲ್ಲಿ ನೀರು.

"ನಂದ ತಪ್ಪಾತ್ರಿ ಅಕ್ಕಾರ. ನಿಮಗ ಆಗೂದಿಲ್ಲ ಅಂತ ನೀವು ಅವತ್ತ ಹೇಳಿದ್ರಿ. ಮುಂದ ಕುಂದರೂ ಆಸೆಕ್ಕ ನಾ ಹೂಂ ಅಂದ್ನಿ ನೋಡ್ರಿ, ಛೇ!"

"ಇಲ್ರಿ, ಅದು ಸುಳ್ಳು! ನಾ ಅವತ್ತ ಸುಳ್ಳ ಹೇಳಿದ್ದೆ. ನಂಗ ಹಿಂದ ಕುಂತ್ರ ಏನೂ ಆಗೂದಿಲ್ಲ!" ಎಂದೆ. ಹೇಳುತ್ತಿರುವಾಗಲೇ ಎರಡನೇ ಸಲ ಬಗ್ಗಬೇಕಾಯಿತು.

"ಇದು ಸುಳ್ಳೇನ್ರಿ?" ಎಂದರು ಮಹಾಂತೇಶ, ಟಾವೆಲ್ ತೋರಿಸಿ. "ಇಷ್ಟು ತ್ರಾಸಾದ್ರೂ ನನ್ನ ಸಮಾಧಾನಕ್ಕ ಹಂಗ ಹೇಳಾಕತ್ತೀರಲ್ಲ, ನಿಮ್ಮಂಥವರು ಸಿಗೂದಿಲ್ಲ ಬಿಡ್ರಿ." ನನ್ನನ್ನು ಕೈಹಿಡಿದು ಮುಂದೆ ಕೂಡಿಸಿದರು. ತಾವು ಬುಟ್ಟಿಯನ್ನು ಗಿರಾಕಿಯ ಮನೆಗೆ ಮುಟ್ಟಿಸಿ ಬಂದು, ತಲೆ ತಗ್ಗಿಸಿ, ಮೊಣಕಾಲು ಮಡಚಿ, ಹಿಂದೆ ಸೇರಿಕೊಂಡರು.

ನನ್ನ ಜೀವಮಾನದಲ್ಲಿ ನಾನು ಹೇಳಿದ ಒಂದೇ ಒಂದು ದೊಡ್ಡ ಸತ್ಯವನ್ನು ನನ್ನ ಹೊಟ್ಟೆಯೇ ಸುಳ್ಳು ಮಾಡಿತು.

ಅಲ್ಲಿಂದ ವಿಮಾನ ನಿಲ್ದಾಣ ಕೂಗಳತೆ. ಪಾರಿ ಗಾಡಿಯನ್ನು ಓಣಿಯಿಂದ ಹೊರಗೆ ತಂದಳು. ಆಮೇಲೆ ಎಂಜಿನ್ನಿನ ಸದ್ದಿಗಿಂತ ಒಂದು ಎಳೆ ಕೆಳಗಿನ ದನಿಯಲ್ಲಿ ಹೇಳಿದಳು:

"ಇಳಕಲ್ ಬಸ್ಸಿನ ಕಡೀ ಸೀಟಿನ್ಯಾಗ ಕುಂತು ಇಬ್ಬರ ಪಾಲಿನ ಚುರಮುರಿ ಒಬ್ಬಾಕೆನ ತಿಂತಿದ್ದಿ ನೀ. ಒಂದ್ ದಿನರ ವಾಂತಿ ಮಾಡಿದ್ದೇನು?"

ನಾನು ಅವಳ ಕಡೆ ತಿರುಗಿದೆ. ಅವಳು ತಿರುಗಲಿಲ್ಲ. ರಸ್ತೆಯನ್ನೇ ನೋಡುತ್ತಿದ್ದಳು.

"ಮತ್ತ ಅವತ್ತ ಶೆಡ್ಡಿನ್ಯಾಗ ಯಾಕ ಸುಮ್ನಿದ್ದಿ?"

"ನಂಗೂ ನೀ ಬೇಕಾಗಿತ್ತಲ್ಲ ಬೇ" ಎಂದಳು.

ಇಬ್ಬರಿಗೂ ಒಟ್ಟಿಗೆ ನಗು ಬಂತು. ಅಳು ಬಂದದ್ದು ನಗುವಿನ ಹಿಂದೆಯೇ, ಆದರೆ ಸೀಟು ಹಿಡಿದದ್ದು ನಗು. ಹಿಂದಿನಿಂದ ದನಿ ಬಂತು. "ಏನಾತ್ರಿ? ಯಾಕ ನಗಾಕತ್ತೀರಿ? ನನಗೂ ಹೇಳ್ರಲಾ!"

"ಏನಿಲ್ರಿ!" ಎಂದೆವು, ಈ ಸಲ ಇಬ್ಬರೂ.

ಟಾವೆಲ್ ಅಲ್ಲೇ ಉಳಿಯಿತು. ಪಾರಿ ಒಗೆದು ಒಣಗಿಸಿ ಮುಂದಿನ ಸೀಟಿನ ಮೇಲೆ ಹಾಸಿದ್ದಾಳೆ. ಮೊನ್ನೆ ಫೋನಿನಲ್ಲಿ ಮಹಾಂತೇಶ ಗಾಡಿಯೊಳಗಿಂದಲೇ ಮಾತಾಡಿದರು. ಈಗ ಓಡಾಡುವ ವಯಸ್ಸಿನ ಕೂಸು ಅವರ ಕೊರಳಿಗೆ ಜೋತುಬಿದ್ದಿತ್ತು. ಅವರ ಮೊಣಕಾಲು ಪರದೆಯ ಅರ್ಧ ತುಂಬಿತ್ತು.

"ಅಯ್ಯ, ನೀವಿನ್ನೂ ಹಿಂದನ ಕುಂದರ್ತೀರೇನ್ರಿ? ಮುಂದಿನ ಸೀಟು ಖಾಲಿ ಐತಲ್ಲ?"

"ಎಲ್ಲಿ ಖಾಲಿ ಐತ್ರಿ ಅಕ್ಕಾರ? ನಿಮ್ಮ ಟಾವೆಲ್ ಐತಲ್ಲ" ಎಂದರು.

ಬಾಗಲಕೋಟೆಯ ಬಸ್‌ಸ್ಟ್ಯಾಂಡಿನಲ್ಲೂ ಅದೇ ಕಾನೂನು ಇರಬೇಕು. ಆ ದಿನದಿಂದ ನನಗೆ ಸರಿಯಾಗಿ ಊಟ ಸೇರಿಲ್ಲ. ಬಾಯಲ್ಲಿ ಹೇಳಿದರೆ ಅವರು ನಂಬುವುದಿಲ್ಲವೆಂದು ಇಷ್ಟು ಬರೆದೆ. ಅಚ್ಚಾದ ಮಾತನ್ನಾದರೂ ನಂಬಿಯಾರು. ಮಹಾಂತೇಶವರ, ಮುಂದೆ ಬಂದು ಕೂತುಬಿಡಿ. ಕಾಲು ಎಷ್ಟು ಹಿಡಿಸುತ್ತದೋ ಅಷ್ಟು ಚಾಚಿ. ಟಾವೆಲ್ಲನ್ನು ಮಡಿಸಿ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಇಡಿ, ಹೊರಗೆ ಮಾತ್ರ ಎಸೆಯಬೇಡಿ. ನಾನು ಇನ್ನೊಮ್ಮೆ ಬರುವವಳಿದ್ದೇನೆ.